ಒಂದು ಕಿಲೋ ಇಳಿಯಿತು, ಆದರೆ ಇಳಿದದ್ದು ಏನು?

ಅರ್ಧ ಲೀಟರ್ ನೀರು ಕುಡಿದು ತೂಕದ ಯಂತ್ರದ ಮೇಲೆ ನಿಂತರೆ ಅರ್ಧ ಕಿಲೋ ಜಾಸ್ತಿ ತೋರಿಸುತ್ತದೆ. ಮೈಯಲ್ಲಿ ಕೊಬ್ಬು ಒಂದು ಗ್ರಾಮೂ ಹೆಚ್ಚಿರುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮೂತ್ರಕ್ಕೆ ಹೋಗಿ ಬಂದರೆ ಆ ತೂಕ ಮಾಯ. ಆಗಲೂ ಕೊಬ್ಬು ಕರಗಿರುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ, ಅಲ್ವಾ? ಆದರೂ ಬೆಳಗ್ಗೆ ಎದ್ದು ನೋಡಿದಾಗ ನಿನ್ನೆಗಿಂತ 600 ಗ್ರಾಂ ಜಾಸ್ತಿ ಕಂಡರೆ ಮನಸ್ಸು ಕುಗ್ಗಿಹೋಗುತ್ತದೆ. ಇಷ್ಟೆಲ್ಲ ಕಷ್ಟಪಟ್ಟು ಏನು ಬಂತು ಅನ್ನಿಸುತ್ತದೆ. ಚೆನ್ನಾಗಿಯೇ ಫಲ ಕೊಡುತ್ತಿದ್ದ ಅಭ್ಯಾಸವನ್ನು ಎಷ್ಟೋ ಜನ ಇಂಥದ್ದೊಂದು ಬೆಳಗ್ಗೆ ಕೈಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಏಕೆಂದರೆ ಸ್ವಲ್ಪ ಲೆಕ್ಕ ಗೊತ್ತಿದ್ದರೆ ಈ ನಿರಾಸೆ ಬೇಕಾಗಿಯೇ ಇರುವುದಿಲ್ಲ.

ಆ ಲೆಕ್ಕ ಹೀಗಿದೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಇರುತ್ತದೆ. ಒಬ್ಬರು ದಿನವೂ ತಮ್ಮ ದೇಹಕ್ಕೆ ಬೇಕಾದ್ದಕ್ಕಿಂತ 500 ಕಿಲೋಕ್ಯಾಲೊರಿ ಕಡಿಮೆ ತಿನ್ನುತ್ತಾರೆ ಅಂದುಕೊಳ್ಳಿ. ಇದು ಸಣ್ಣ ಸಾಧನೆಯಲ್ಲ. ಆದರೂ ದಿನಕ್ಕೆ ಕರಗುವ ಕೊಬ್ಬು ಸುಮಾರು 65 ಗ್ರಾಂ ಮಾತ್ರ. ಅದೇ ಹೊತ್ತಿಗೆ ನಮ್ಮ ತೂಕ ದಿನದಿಂದ ದಿನಕ್ಕೆ ತಾನಾಗಿಯೇ ಒಂದು ಕಿಲೋ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಏರಿಳಿಯುತ್ತಿರುತ್ತದೆ. ಅಂದರೆ ನಾವು ಹುಡುಕುತ್ತಿರುವ ಬದಲಾವಣೆಗಿಂತ ಏರಿಳಿತವೇ 15 ಪಟ್ಟು ದೊಡ್ಡದು. ಸಂತೆಯ ಗದ್ದಲದ ನಡುವೆ ನಿಂತು ಪಿಸುಮಾತು ಕೇಳಿಸಿಕೊಳ್ಳಲು ಹೋದಂತೆ ಇದು. ಇಡೀ ವಾರದ ಫಲವೂ 450 ಗ್ರಾಂ ಆಸುಪಾಸು. ಒಂದೇ ದಿನದ ಏರಿಳಿತ ಅದನ್ನು ಸುಲಭವಾಗಿ ಮುಚ್ಚಿಹಾಕಬಲ್ಲದು.

ಈ ಏರಿಳಿತದ ಬಹುಪಾಲು ನೀರಿನದು. ಉಪ್ಪು ಜಾಸ್ತಿ ತಿಂದ ಮರುದಿನ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅನೇಕ ಹೆಂಗಸರಿಗೆ ಮೈ ಭಾರವಾಗುವುದು ಹೀಗೆಯೇ. ಹೊಸ ವ್ಯಾಯಾಮ ಶುರುಮಾಡಿ ಮೈಕೈ ನೋಯುತ್ತಿರುವಾಗ ಸ್ನಾಯುಗಳಲ್ಲೂ ನೀರು ನಿಲ್ಲುತ್ತದೆ. ಹಾಗಾಗಿ ಜಿಮ್ಮಿಗೆ ಸೇರಿದ ಮೊದಲ ವಾರ ತೂಕ ಏರಿದರೆ ಗಾಬರಿಯಾಗಬೇಕಿಲ್ಲ. ಇದರ ಜೊತೆಗೆ ಕರುಳಿನಲ್ಲಿ ಇನ್ನೂ ಜೀರ್ಣವಾಗದೆ ಉಳಿದಿರುವ ಊಟದ ತೂಕವೂ ಸೇರುತ್ತದೆ.

ಎಲ್ಲಕ್ಕಿಂತ ದೊಡ್ಡ ಆಟ ಆಡುವುದು ಗ್ಲೈಕೋಜೆನ್. ಪಿಷ್ಟ, ಸಕ್ಕರೆ ತಿಂದಾಗ ತಕ್ಷಣ ಬೇಡವಾದ ಭಾಗವನ್ನು ದೇಹ ಈ ರೂಪದಲ್ಲಿ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಪ್ರತಿ ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು 3 ಗ್ರಾಂ ನೀರೂ ಅಂಟಿಕೊಂಡಿರುತ್ತದೆ. ಈಗ ಒಬ್ಬರು ದಿಢೀರನೆ ಪಿಷ್ಟ, ಸಕ್ಕರೆ ಎರಡನ್ನೂ ಬಿಟ್ಟುಬಿಟ್ಟರು ಅನ್ನಿ. ಕೂಡಿಟ್ಟದ್ದು ಖಾಲಿಯಾಗುತ್ತಾ ಬಂದಂತೆ ಅದರ ಜೊತೆಗಿದ್ದ ನೀರೂ ಹೊರಗೆ ಹೋಗುತ್ತದೆ. ಕೆಲವೇ ದಿನಗಳಲ್ಲಿ ಎರಡು ಕಿಲೋವರೆಗೆ ಇಳಿಯಬಹುದು. 'ಒಂದೇ ವಾರದಲ್ಲಿ ತೂಕ ಇಳಿಸಿ' ಎನ್ನುವ ಜಾಹೀರಾತುಗಳ ಗುಟ್ಟು ಹೆಚ್ಚಾಗಿ ಇಲ್ಲೇ ಇದೆ. ಮತ್ತೆ ಮೊದಲಿನಂತೆ ಊಟ ಮಾಡಿದ ಕೂಡಲೇ ಆ ಕಿಲೋಗಳು ವಾಪಸ್ ಬರುತ್ತವೆ. ಆಗ ಪಾಪ, ಆ ವ್ಯಕ್ತಿ ತನ್ನನ್ನೇ ಬೈದುಕೊಳ್ಳುತ್ತಾನೆ.

ಹಾಗಾದರೆ ನಿಜವಾಗಿ ಕರಗಿದ ಕೊಬ್ಬು ಎಲ್ಲಿ ಹೋಗುತ್ತದೆ? ಬೆವರಿನಲ್ಲಿ ಅಂತ ಬಹಳ ಜನ ನಂಬಿದ್ದಾರೆ. 2014ರಲ್ಲಿ ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಇದರ ರಾಸಾಯನಿಕ ಲೆಕ್ಕವನ್ನು ಬಿಡಿಸಿ ತೋರಿಸಿದರು. 10 ಕಿಲೋ ಕೊಬ್ಬು ದೇಹದೊಳಗೆ ಪೂರ್ತಿ ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ಉಳಿದ 1.6 ಕಿಲೋ ನೀರಾಗುತ್ತದೆ. ಇದನ್ನು ಓದಿದಾಗಲೆಲ್ಲ ನನಗೆ ಬೆರಗಾಗುತ್ತದೆ. ನಮ್ಮ ಬೊಜ್ಜಿನ ಬಹುಭಾಗ ಮೂಗಿನಿಂದ ಹೊರಗೆ ಹೋಗುವ ಗಾಳಿ! ಹಾಗಂತ ಸುಮ್ನೆ ಜೋರಾಗಿ ಉಸಿರಾಡಿದರೆ ಏನೂ ಆಗದು. ಮೊದಲು ಕೊಬ್ಬು ಉರಿಯಬೇಕು, ಅದಕ್ಕೆ ದೇಹ ದುಡಿಯಬೇಕು. ವ್ಯಾಯಾಮ ಮುಗಿದ ಕೂಡಲೇ ಯಂತ್ರ ಹತ್ತಿ ಒಂದು ಕಿಲೋ ಇಳಿದಿದೆ ಅಂತ ಖುಷಿಪಡುವವರಿಗೂ ಇಲ್ಲೊಂದು ಉತ್ತರವಿದೆ. ಇಳಿದದ್ದು ಹೆಚ್ಚುಕಡಿಮೆ ಪೂರ್ತಿ ಬೆವರು. ನೀರು ಕುಡಿದು ಅದನ್ನು ತುಂಬಿಕೊಳ್ಳಲೇಬೇಕು.

ಹಾಗೆಂದು ತೂಕ ನೋಡುವುದನ್ನೇ ಬಿಡಿ ಎನ್ನುವುದು ನನ್ನ ವಾದವಲ್ಲ. ದಿನಾ ನೋಡಿ, ಆದರೆ ಆ ದಿನದ ಅಂಕಿಯನ್ನು ಹಾಗೆಯೇ ನಂಬಬೇಡಿ. ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ, ಒಂದೇ ಯಂತ್ರದ ಮೇಲೆ ನಿಲ್ಲಿ. ಏಳು ದಿನದ ಅಂಕಿಗಳನ್ನು ಕೂಡಿಸಿ ಏಳರಿಂದ ಭಾಗಿಸಿ. ಈ ವಾರದ ಸರಾಸರಿಯನ್ನು ಹೋದ ವಾರದ ಸರಾಸರಿಗೆ ಹೋಲಿಸಿ. ಏರಿಳಿತಗಳು ಒಂದನ್ನೊಂದು ಬಹುಮಟ್ಟಿಗೆ ಹೊಡೆದುಹಾಕುತ್ತವೆ, ನಿಜವಾದ ದಿಕ್ಕು ಉಳಿಯುತ್ತದೆ. ಮುಟ್ಟಾಗುವ ಹೆಂಗಸರು ಈ ತಿಂಗಳ ಒಂದು ವಾರವನ್ನು ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಿದರೆ ಇನ್ನೂ ಒಳ್ಳೆಯದು.

ಸರಾಸರಿ ಕೂಡ ಎರಡು ಮೂರು ವಾರ ಕದಲದೆ ನಿಲ್ಲಬಹುದು. ಇದಕ್ಕೂ ಕೆಲವೊಮ್ಮೆ ನೀರೇ ಕಾರಣ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರಿಗೆ ತಿಂಗಳುಗಟ್ಟಲೆ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷೆ ನಡೆಸಿದರು. ಹಸಿವಿನಿಂದ ಬಳಲಿದವರಿಗೆ ಮತ್ತೆ ಆರೋಗ್ಯ ಬರಿಸುವುದು ಹೇಗೆ ಎಂದು ತಿಳಿಯುವುದು ಅದರ ಉದ್ದೇಶವಾಗಿತ್ತು. ಆ ಯುವಕರು ಒಣಗಿಹೋಗುತ್ತಿದ್ದರು. ಆದರೂ ಅನೇಕರ ಕಾಲು, ಮುಖ ನೀರು ತುಂಬಿ ಊದಿಕೊಂಡವು. ಒಳಗೆ ಕಳೆದುಹೋದದ್ದರಲ್ಲಿ ಒಂದು ಪಾಲನ್ನು ಆ ನೀರು ತೂಕದ ಲೆಕ್ಕದಲ್ಲಿ ಮರೆಮಾಚಿತ್ತು. ಅದು ವಿಪರೀತದ ಪ್ರಸಂಗ, ಯಾರೂ ಅನುಕರಿಸುವಂಥದ್ದಲ್ಲ. ಆದರೆ ಒಂದು ಮಾತು ಅದರಿಂದ ಸ್ಪಷ್ಟವಾಗುತ್ತದೆ: ತೂಕ ನಿಂತಿದೆ ಅಂದರೆ ದೇಹ ಬದಲಾಗುತ್ತಿಲ್ಲ ಅಂತಲ್ಲ.

ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಅಳತೆಗೆ ಇದೇ ಕೀಸ್ 1972ರಲ್ಲಿ ಬಿಎಂಐ ಎಂಬ ಹೆಸರನ್ನು ಬಳಕೆಗೆ ತಂದರು. ಸೂತ್ರ ಇನ್ನೂ ಹಳೆಯದು. ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ 1830ರ ದಶಕದಲ್ಲೇ ಅದನ್ನು ಕೊಟ್ಟಿದ್ದರು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವುದು, ಅಷ್ಟೇ. ಸಾವಿರಾರು ಜನರನ್ನು ಒಟ್ಟಿಗೆ ನೋಡುವಾಗ ಅದು ಉಪಯುಕ್ತ. ಆದರೆ ದೊಡ್ಡವರ ಎತ್ತರ ಬದಲಾಗುವುದಿಲ್ಲವಲ್ಲ. ಹಾಗಾಗಿ ನಿಮ್ಮ ಪ್ರಗತಿಯನ್ನು ಬಿಎಂಐ ಮೂಲಕ ನೋಡಿದರೆ ತೂಕ ಹೇಳಿದ್ದಕ್ಕಿಂತ ಹೊಸದೇನೂ ತಿಳಿಯುವುದಿಲ್ಲ.

ಹೊಸದು ತಿಳಿಯಬೇಕಾದರೆ ಟೇಪು ಹಿಡಿಯಿರಿ. ಹೊಟ್ಟೆಯೊಳಗೆ, ಯಕೃತ್ತು ಮತ್ತು ಕರುಳಿನ ಸುತ್ತ ಸೇರುವ ಕೊಬ್ಬು ಚರ್ಮದ ಕೆಳಗಿನ ಕೊಬ್ಬಿಗಿಂತ ಅಪಾಯಕಾರಿ. ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ಅದಕ್ಕೆ ಹತ್ತಿರದ ನಂಟು. ಒಳ್ಳೆಯ ಸುದ್ದಿ ಏನೆಂದರೆ ವ್ಯಾಯಾಮ ಮಾಡಿದಾಗ, ತೂಕ ಅಷ್ಟಾಗಿ ಇಳಿಯದಿದ್ದರೂ, ಈ ಕೊಬ್ಬು ಕಡಿಮೆಯಾಗಬಹುದು. ಅದನ್ನು ಯಂತ್ರ ತೋರಿಸದು, ಟೇಪು ತೋರಿಸುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ಮಧ್ಯದ ಜಾಗದಲ್ಲಿ ಟೇಪು ಸುತ್ತಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿಕೊಳ್ಳಿ. ಟೇಪು ಸ್ವಲ್ಪ ಮೇಲೆ ಕೆಳಗೆ ಆದರೂ ಒಂದು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ, ಹಾಗಾಗಿ ಎರಡು ಮೂರು ಸಲ ಅಳೆಯಿರಿ. ಇದನ್ನು ದಿನಾ ಮಾಡಿ ಪ್ರಯೋಜನವಿಲ್ಲ, ಎರಡು ವಾರಕ್ಕೊಮ್ಮೆ ಸಾಕು. ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎನ್ನುವುದು ನೆನಪಿಡಲು ಸುಲಭವಾದ ಗುರಿ.

ಕೊಬ್ಬಿನ ಶೇಕಡಾವಾರು ತೋರಿಸುವ ಮನೆಯ ಯಂತ್ರಗಳ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಅವು ಪಾದದಿಂದ ಪಾದಕ್ಕೆ ಸಣ್ಣ ವಿದ್ಯುತ್ ಹರಿಸಿ, ಎಷ್ಟು ಅಡ್ಡಿ ಎದುರಾಯಿತು ಎಂದು ನೋಡುತ್ತವೆ. ನೀರಿರುವ ಸ್ನಾಯುವಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಅಲ್ಲಿಂದ ಮುಂದಿನದೆಲ್ಲ ವಯಸ್ಸು, ಎತ್ತರ, ಲಿಂಗ ಸೇರಿಸಿ ಹಾಕಿದ ಅಂದಾಜು. ಮೈಯಲ್ಲಿ ನೀರು ಕಡಿಮೆಯಾದರೆ ಕೊಬ್ಬು ಜಾಸ್ತಿ ಅಂತ ತೋರಿಸಿಬಿಡಬಹುದು. ತಿಂಗಳುಗಳ ದಿಕ್ಕು ತಿಳಿಯಲು ಬೇಕಾದರೆ ಬಳಸಿ.

ಇಷ್ಟು ಹೊತ್ತು ದೇಹದ ಗಾತ್ರದ ಮಾತಾಯಿತು. ಗಾತ್ರಕ್ಕಿಂತ ಬೇಗ, ಗಾತ್ರಕ್ಕಿಂತ ಖುಷಿಕೊಡುವಂತೆ ಬದಲಾಗುವುದು ದೇಹದ ಕೆಲಸ. ಜನ ಇದನ್ನು ಅಳೆಯುವುದೇ ಕಡಿಮೆ.

ಹೃದಯವನ್ನೇ ನೋಡಿ. ಸುಮ್ಮನೆ ಕೂತಿರುವ ಮನುಷ್ಯನ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಒತ್ತುತ್ತದೆ. ಒಂದು ಬಡಿತಕ್ಕೆ 70 ಮಿಲಿಲೀಟರ್‌ನಂತೆ ಒತ್ತಿದರೆ ನಿಮಿಷಕ್ಕೆ 72 ಬಡಿತ ಬೇಕು. ತಿಂಗಳುಗಟ್ಟಲೆ ನಡೆದು, ಓಡಿ, ಸೈಕಲ್ ತುಳಿದ ಹೃದಯ ಒಂದೇ ಬಡಿತದಲ್ಲಿ ಜಾಸ್ತಿ ರಕ್ತ ಒತ್ತಲು ಕಲಿಯುತ್ತದೆ. ಬಡಿತಕ್ಕೆ 80 ಮಿಲಿಲೀಟರ್ ಆದರೆ 63 ಬಡಿತ ಸಾಕು. ದೂರದ ಓಟಗಾರರಲ್ಲಿ ನಾಡಿ 50ಕ್ಕಿಂತ ಕೆಳಗಿರುವುದು ಇದೇ ಕಾರಣಕ್ಕೆ. ಬೆಳಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆಯಿಂದ ಏಳುವ ಮುಂಚೆ, ಒಂದು ನಿಮಿಷ ನಾಡಿ ಎಣಿಸಿ. ನಿದ್ದೆಗೆಟ್ಟರೆ, ಜ್ವರ ಬಂದರೆ, ಮನಸ್ಸಿಗೆ ಒತ್ತಡವಾದರೆ ಅದು ಏರುತ್ತದೆ. ಆದ್ದರಿಂದ ಇಲ್ಲೂ ವಾರದ ಸರಾಸರಿಯೇ ನಂಬಿಕೆಗೆ ಯೋಗ್ಯ. ನಾಡಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ಈ ಅಳತೆ ಹೊಂದುವುದಿಲ್ಲ.

ಇನ್ನೊಂದು ಅಳತೆ ನನಗೆ ಇದಕ್ಕಿಂತ ಇಷ್ಟ. ಬಿರುಸಾಗಿ ನಡೆದು ಅಥವಾ ಮೆಟ್ಟಿಲು ಹತ್ತಿ ನಿಂತ ಕ್ಷಣ ನಾಡಿ ನೋಡಿ. ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಎಷ್ಟು ಇಳಿಯಿತು? ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ವೈದ್ಯರು ಟ್ರೆಡ್‌ಮಿಲ್ ಪರೀಕ್ಷೆಗೆ ಬಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಆರು ವರ್ಷ ಗಮನಿಸಿ 1999ರಲ್ಲಿ ವರದಿ ಬರೆದರು. ಮೊದಲ ನಿಮಿಷದಲ್ಲಿ 12 ಬಡಿತ ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು. ಅದು ಆಸ್ಪತ್ರೆಯ ಪರೀಕ್ಷೆ. ಮನೆಯಲ್ಲಿ ಎಣಿಸಿದ ಅಂಕಿಯನ್ನು ಅದಕ್ಕೆ ತಾಳೆ ಹಾಕಿ ಹೆದರಬೇಡಿ. ನಿಮ್ಮದೇ ಹಳೆಯ ಅಂಕಿಯ ಜೊತೆ ಹೋಲಿಸಿ. ನಿಯಮಿತವಾಗಿ ವ್ಯಾಯಾಮ ಮಾಡುವವರಲ್ಲಿ ಈ ಇಳಿತ ವಾರಗಳು ಕಳೆದಂತೆ ಚುರುಕಾಗುತ್ತದೆ.

ಯಾವ ಉಪಕರಣವೂ ಇಲ್ಲದೆ ಆಗಬೇಕೆ? 1968ರಲ್ಲಿ ಕೆನೆತ್ ಕೂಪರ್ ಎಂಬ ವೈದ್ಯರು ಅಮೆರಿಕದ ವಾಯುಪಡೆಯವರಿಗಾಗಿ ರೂಪಿಸಿದ ಪರೀಕ್ಷೆ ತೀರಾ ಸರಳ. 12 ನಿಮಿಷದಲ್ಲಿ ಎಷ್ಟು ದೂರ ಓಡುತ್ತೀರಿ? ದೇಹ ಆಮ್ಲಜನಕವನ್ನು ಬಳಸುವ ಸಾಮರ್ಥ್ಯಕ್ಕೂ ಆ ದೂರಕ್ಕೂ ಒಳ್ಳೆಯ ತಾಳೆ ಇದೆ. ಆದರೆ ಇದು ಶಕ್ತಿ ಇರುವಷ್ಟೂ ಓಡುವ ಪರೀಕ್ಷೆ. ಹೊಸದಾಗಿ ಶುರುಮಾಡಿದವರಿಗೆ ಬೇಡ. ಅವರು ಒಂದು ಗೊತ್ತಾದ ದಾರಿಯನ್ನು ಆರಿಸಿಕೊಂಡು, ಮಾತಾಡಲು ಆಗುವಷ್ಟೇ ವೇಗದಲ್ಲಿ ನಡೆದು, ಎಷ್ಟು ಸಮಯ ಹಿಡಿಯಿತು ಎಂದು ಬರೆದಿಟ್ಟುಕೊಳ್ಳಲಿ. ತಿಂಗಳಾದ ಮೇಲೆ ಅದೇ ದಾರಿಯಲ್ಲಿ ಏದುಸಿರಿಲ್ಲದೆ ಬೇಗ ಮುಗಿಸಿದರೆ ಹೃದಯ, ಶ್ವಾಸಕೋಶ, ಕಾಲಿನ ಸ್ನಾಯು ಮೂರೂ ಸುಧಾರಿಸಿವೆ ಎಂದರ್ಥ.

ಸ್ನಾಯುಬಲದ ಗಡಿಯಾರವೇ ಬೇರೆ. ಭಾರ ಎತ್ತಲು ಶುರುಮಾಡಿದ ಮೊದಲ ಕೆಲವು ವಾರ ಬಲ ಬೇಗ ಬೇಗ ಹೆಚ್ಚುತ್ತದೆ. ಸ್ನಾಯು ಅಷ್ಟರಲ್ಲಿ ದಪ್ಪವಾಗಿರುವುದಿಲ್ಲ. ಇರುವ ಎಳೆಗಳನ್ನೇ ಒಟ್ಟಿಗೆ ದುಡಿಸಲು ನರಗಳು ಕಲಿತಿರುತ್ತವೆ. ಆಮೇಲೆ ನಿಧಾನವಾಗಿ ಸ್ನಾಯು ಬೆಳೆಯುತ್ತದೆ. ಕನ್ನಡಿಯಲ್ಲಿ ಏನೂ ಕಾಣುತ್ತಿಲ್ಲ ಎಂದು ಎರಡನೇ ತಿಂಗಳಲ್ಲಿ ಬಿಡುವವರು ಇಷ್ಟನ್ನು ತಿಳಿದುಕೊಂಡರೆ ಚೆನ್ನ. ಕುರ್ಚಿಯಿಂದ ಕೈ ಊರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ನಿಲ್ಲಬಹುದು ಎಂಬ ಎಣಿಕೆ ವಯಸ್ಸಾದವರಿಗೂ ಹೊಂದುತ್ತದೆ. ತೂಕ ಇಳಿಸುವವರು ಬಲವನ್ನು ಅಳೆಯಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಊಟ ತೀರಾ ಕಡಿಮೆ ಮಾಡಿ, ಸ್ನಾಯುಗಳಿಗೆ ಕೆಲಸ ಕೊಡದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕದ ಯಂತ್ರಕ್ಕೆ ಎರಡೂ ಒಂದೇ. ತೂಕ ಇಳಿಯುತ್ತಿದ್ದು ಬಲವೂ ಕುಸಿಯುತ್ತಿದ್ದರೆ ಊಟದ ಕ್ರಮವನ್ನು ತಕ್ಷಣ ಸರಿಪಡಿಸಿಕೊಳ್ಳಬೇಕು.

ಕೈಗಡಿಯಾರಗಳು ತೋರಿಸುವ 'ಇಂದು ಇಷ್ಟು ಕ್ಯಾಲೊರಿ ಉರಿಯಿತು' ಎಂಬ ಅಂಕಿಯನ್ನು ಮಾತ್ರ ನಂಬಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಸಾಧನಗಳನ್ನು ಪರೀಕ್ಷಿಸಿದರು. ನಾಡಿ ಎಣಿಸುವುದರಲ್ಲಿ ಆರು ಸಾಧನಗಳ ತಪ್ಪು ಶೇ 5ಕ್ಕಿಂತ ಕಡಿಮೆ ಇತ್ತು. ಕ್ಯಾಲೊರಿ ವಿಷಯದಲ್ಲಿ ಎಲ್ಲಕ್ಕಿಂತ ನಿಖರವಾದದ್ದೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ಆ ಅಂಕಿ ನೋಡಿ 'ಉರಿದಷ್ಟು ತಿನ್ನಬಹುದು' ಎಂದುಕೊಂಡರೆ ಲೆಕ್ಕ ಹಳ್ಳ ಹಿಡಿಯುತ್ತದೆ.

ಕಣ್ಣಿಗೆ ಕಾಣದ ಬದಲಾವಣೆಗಳಿಗೆ ರಕ್ತ ಪರೀಕ್ಷೆ ಬೇಕು. ಎಚ್‌ಬಿಎ1ಸಿ ಎಂಬ ಅಳತೆ ಕಳೆದ ಎರಡು ಮೂರು ತಿಂಗಳ ಸಕ್ಕರೆ ಮಟ್ಟವನ್ನು ಹೇಳುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನ ಅದರ ಮೇಲೆ ಸಕ್ಕರೆ ಅಂಟುತ್ತಾ ಹೋಗುತ್ತದೆ. ಆದ್ದರಿಂದ ಅಭ್ಯಾಸ ಬದಲಿಸಿ ಎರಡೇ ವಾರಕ್ಕೆ ಈ ಪರೀಕ್ಷೆ ಮಾಡಿಸಿದರೆ ಹಳೆಯ ಕಥೆಯೇ ಕಾಣುತ್ತದೆ. ಎಷ್ಟು ತೂಕ ಇಳಿದರೆ ಒಳಗೆ ಫಲ ಸಿಗುತ್ತದೆ? ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಮೆರಿಕದ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಬಂತು. ಶೇ 7ರಷ್ಟು ತೂಕ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ವ್ಯಾಯಾಮ, ಅವರಲ್ಲಿ ಒಂದು ಗುಂಪಿಗೆ ಕೊಟ್ಟದ್ದು ಇಷ್ಟೇ ಗುರಿ. ಆ ಗುಂಪಿನಲ್ಲಿ ಕಾಯಿಲೆ ಶುರುವಾಗುವ ಪ್ರಮಾಣ ಶೇ 58ರಷ್ಟು ತಗ್ಗಿತು. 80 ಕಿಲೋ ಇರುವವರಿಗೆ ಶೇ 7 ಅಂದರೆ 5.6 ಕಿಲೋ. ಕನ್ನಡಿ ಹೆಚ್ಚೇನೂ ಮೆಚ್ಚದ ಈ ಇಳಿಕೆಯನ್ನು ರಕ್ತನಾಳಗಳು, ಯಕೃತ್ತು ಚೆನ್ನಾಗಿಯೇ ಗುರುತಿಸುತ್ತವೆ.

ಅಂಕಿಗಳೇ ಕೆಲವರಿಗೆ ಕಾಟವಾಗುವುದುಂಟು. ಯಂತ್ರದ ಅಂಕಿ ನೋಡಿ ಊಟ ಬಿಡುವುದು, ದಿನಕ್ಕೆ ಹತ್ತಾರು ಸಲ ತೂಕ ನೋಡುವುದು ಶುರುವಾಗಿದ್ದರೆ ಯಂತ್ರವನ್ನು ಎತ್ತಿಟ್ಟು ವೈದ್ಯರನ್ನು ಕಾಣಿ. ಅಂಥವರಿಗೆ ನಡಿಗೆ, ಬಲ, ನಿದ್ದೆಯ ಲೆಕ್ಕವೇ ಸಾಕು.

ಉಳಿದವರಿಗೆ ತೂಕದ ಯಂತ್ರ ನಿಜವಾಗಿ ನೆರವಾಗುವುದು ತೂಕ ಇಳಿದ ಮೇಲೆ. ಸಣ್ಣಗಾದ ದೇಹಕ್ಕೆ ಬೇಕಾಗುವ ಶಕ್ತಿ ಕಡಿಮೆ, ಹಸಿವು ಮಾತ್ರ ಮೊದಲಿಗಿಂತ ಜಾಸ್ತಿ. ಹಾಗಾಗಿ ತೂಕ ಗೊತ್ತಾಗದಂತೆ ಮರಳುತ್ತದೆ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಪುಸ್ತಕ ನಡೆಯುತ್ತಿದೆ. ಕನಿಷ್ಠ 13.6 ಕಿಲೋ ಇಳಿಸಿ, ಒಂದು ವರ್ಷವಾದರೂ ಹಾಗೇ ಉಳಿಸಿಕೊಂಡವರಿಗೆ ಅದರಲ್ಲಿ ಜಾಗ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ. ಒಂದು ದಿನ ಒಂದೂವರೆ ಕಿಲೋ ಏರಿದರೆ ಅದು ಬಹುತೇಕ ನೀರು, ಬಿಟ್ಟುಬಿಡಿ. ವಾರದ ಸರಾಸರಿ ಮೂರು ವಾರ ಸತತವಾಗಿ ಏರಿದ್ದರೆ, ಟೇಪೂ ಒಂದೆರಡು ಸೆಂಟಿಮೀಟರ್ ಜಾಸ್ತಿ ತೋರಿಸುತ್ತಿದ್ದರೆ, ಆಗ ಊಟ ಮತ್ತು ನಡಿಗೆಯ ಕಡೆ ಮತ್ತೆ ಗಮನ ಕೊಡುವ ಹೊತ್ತು ಬಂದಿದೆ. ಆ ಹಂತದಲ್ಲಿ ಸರಿಪಡಿಸಬೇಕಾಗಿರುವುದು ಒಂದೆರಡು ಕಿಲೋ ಮಾತ್ರ.