ಕುಣಿತ ನಿಂತರೂ ಉಳಿದ ಮುಖಗಳು

ಚಳಿಗಾಲದ ರಾತ್ರಿ ಯಾರದೋ ಮನೆಯಲ್ಲಿ ಜನ ಸೇರಿ ಕುಣಿಯುತ್ತಿರುವಾಗ ಮುಖವಾಡ ತೊಟ್ಟ ನಾಲ್ಕರಿಂದ ಹತ್ತು ಮಂದಿ ಒಳನುಗ್ಗುತ್ತಾರೆ. ಮೈತುಂಬ ಕೌದಿ, ಹಾಸುಬಟ್ಟೆ. ಗಂಡಸರನ್ನು ನೂಕಿ ಹೆಂಗಸರನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಎಲ್ಲಿಂದ ಬಂದಿರಿ ಎಂದು ಮನೆಯ ಯಜಮಾನ ಕೇಳಿದರೆ ಅವರ ನಾಯಕ ಪಿಸುಗುಡುತ್ತಾನೆ: ದೂರದೇಶದಿಂದ. ಏನು ಬೇಕು? ಹೆಣ್ಣು. ಕೊಡುವುದಿಲ್ಲವೆಂದರೆ ಜಗಳ. ಅದೂ ಬೇಡವೆಂದರೆ, ಸರಿ, ಕುಣಿಯುತ್ತೇವೆ! ಆಮೇಲೆ ಒಬ್ಬೊಬ್ಬನನ್ನೇ ಹೆಸರು ಹಿಡಿದು ಕರೆಯುತ್ತಾರೆ. ಆ ಹೆಸರುಗಳಲ್ಲಿ ಹಲವು ಅಚ್ಚು ಹಾಕುವಂಥವಲ್ಲ.

ಇದು ಅಮೆರಿಕದ ನಾರ್ತ್ ಕೆರೊಲಿನಾದ ಚೆರೋಕಿ ಎಂಬ ಮೂಲನಿವಾಸಿ ಜನರ ಬೂಗರ್ (ಗುಮ್ಮನ) ನೃತ್ಯ. ಮುಖವಾಡಗಳೆಲ್ಲ ಹೊರಗಿನವರವು: ಬಿಳಿಯ, ಕರಿಯ, ಬೇರೆ ಬುಡಕಟ್ಟಿನವನು. ಮೆದುವಾದ, ಹಗುರವಾದ ಬಕೈ ಮರವೇ ಕೆತ್ತನೆಗೆ ಅಚ್ಚುಮೆಚ್ಚು. ಗಡ್ಡ, ಹುಬ್ಬಿಗೆ ಪ್ರಾಣಿಯ ತುಪ್ಪಳ. ಬಣ್ಣ ಬೇರು, ಸಿಪ್ಪೆಗಳದ್ದು. ಸೋರೆಬುರುಡೆಯಲ್ಲೂ ಕಣಜದ ಗೂಡಿನಲ್ಲೂ ಮುಖ ಮಾಡುತ್ತಿದ್ದರು. ಒಂದು ರಾತ್ರಿ ನಗಿಸಿದರೆ ಸಾಕಿದ್ದ ಮುಖಕ್ಕೆ ನಯಗಾರಿಕೆ ಯಾಕೆ? ಹಳೆಯವುಗಳ ಒರಟುತನವನ್ನು ಕಸುಬಿನ ಕೊರತೆ ಎನ್ನುವುದು ತಪ್ಪು. ಎಲ್ಲ ಮುಖವಾಡಗಳೂ ಲೇವಡಿಗಲ್ಲ ಎನ್ನುವುದೂ ನಿಜ. ಕರಡಿ, ಕಾಡೆಮ್ಮೆಯ ಮುಖಗಳು ಬೇಟೆಗೆ ಸೇರಿದ್ದವು.

1838-39ರಲ್ಲಿ ಸರ್ಕಾರ ಸುಮಾರು 16 ಸಾವಿರ ಚೆರೋಕಿಗಳನ್ನು ಪಶ್ಚಿಮಕ್ಕೆ ಅಟ್ಟಿತು. ಸತ್ತವರು ಸುಮಾರು 4 ಸಾವಿರ ಎನ್ನುತ್ತಾರೆ. ಸ್ಮೋಕಿ ಬೆಟ್ಟಗಳಲ್ಲಿ ಉಳಿದುಕೊಂಡವರ ನೆಲವೇ ಇಂದಿನ ಕ್ವಾಲಾ. ಅದರ ಒಳಮೂಲೆಯ ಬಿಗ್ ಕೋವ್‌ನಲ್ಲಿ ಕುಣಿತವೂ ಕೆತ್ತನೆಯೂ ಬಹುಕಾಲ ಬದುಕಿದ್ದವು. ಅಲ್ಲಿನ ವಿಲ್ ವೆಸ್ಟ್ ಲಾಂಗ್ ಕೆತ್ತನೆಗಾರ, ಹಾಡುಗಾರ, ಸಂಪ್ರದಾಯದ ನೆನಪಿನ ಕಣಜ. ವಿದ್ವಾಂಸರಾದ ಫ್ರಾಂಕ್ ಸ್ಪೆಕ್ ಮತ್ತು ಲಿಯೊನಾರ್ಡ್ ಬ್ರೂಮ್ ಈ ನೃತ್ಯಗಳನ್ನು ಪುಸ್ತಕವಾಗಿ ದಾಖಲಿಸಿದ್ದು ಅವನ ನೆರವಿನಿಂದಲೇ. ಆ ಪುಸ್ತಕ 1951ರಲ್ಲಿ ಹೊರಬಂದಾಗ ಲಾಂಗ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸ್ಪೆಕ್ ಕೂಡ ಇರಲಿಲ್ಲ.

ಬೂಗರ್ ಎಂದರೆ ನುಗ್ಗಿಬಂದ ಬಿಳಿಯರ ಅಣಕ ಎಂಬ ಓದು ಅವರ ಪುಸ್ತಕದಿಂದಲೇ ಬೇರೂರಿತು. ಮಾನವಶಾಸ್ತ್ರಜ್ಞ ರೇಮಂಡ್ ಫೋಗೆಲ್ಸನ್ ಮುಂದೆ ಇದರಲ್ಲಿ ಪರಕೀಯರ ಜೊತೆಗೆ ಚೆರೋಕಿಗಳ ಸ್ವಂತ ಮುಖವನ್ನೂ ಹುಡುಕಿದರು. ನನಗೆ ಈ ಎರಡನೆಯ ಓದೇ ಹೆಚ್ಚು ಒಪ್ಪುತ್ತದೆ. ನೆರೆಮನೆಯವನೇ ಮುಖವಾಡದೊಳಗಿದ್ದಾನೆಂದು ತಿಳಿದೇ ಅಲ್ಲವೇ ಜನ ನಗುತ್ತಿದ್ದದ್ದು?

ಆ ಪುಸ್ತಕಕ್ಕೂ ಮೊದಲೇ ಈ ಬೆಟ್ಟಗಳಿಗೆ ರಸ್ತೆ ಬಂದಿತ್ತು. 1934ರಲ್ಲಿ ಪಕ್ಕದ ಕಾಡು ರಾಷ್ಟ್ರೀಯ ಉದ್ಯಾನವಾಗಿ ಪ್ರವಾಸಿಗರು ಹೆಚ್ಚಿದರು. 1946ರಲ್ಲಿ ಕುಶಲಕರ್ಮಿಗಳು ಕ್ವಾಲಾ ಸಹಕಾರ ಸಂಘ ಕಟ್ಟಿಕೊಂಡರು. ಲಾಂಗ್‌ನ ಮಗ ಆಲನ್ ಮುಖವಾಡ ಕೆತ್ತುವುದನ್ನು ಮುಂದುವರಿಸಿದ. ಅಲ್ಲಿನ ಶಾಲೆಯಲ್ಲಿ ಗೋಯಿಂಗ್ ಬ್ಯಾಕ್ ಚಿಲ್ಟೋಸ್ಕಿ ಎಂಬ ಕೆತ್ತನೆಗಾರ, ಅವರ ನಂತರ ಅಮಾಂಡಾ ಕ್ರೋ ಮರಗೆತ್ತನೆ ಕಲಿಸಿದರು. ಕ್ರೋ ಕೈಯಲ್ಲಿ ಪಳಗಿದ ಮಕ್ಕಳು ನೂರಾರು. ಕುಣಿತ ಅಪರೂಪವಾಗುತ್ತಿದ್ದಾಗ ಕೆತ್ತನೆಗೆ ಕೂಲಿ ಹುಟ್ಟಿದ್ದು ಹೀಗೆ. ಮಾರುಕಟ್ಟೆಯಿಂದ ಕಲೆ ಕೆಟ್ಟಿತೆಂದು ಮೂಗು ಮುರಿಯುವವರು ಆ ಕೂಲಿಯಿಲ್ಲದೆ ಉಳಿ ಹಿಡಿಯುವವರು ಎಷ್ಟು ಮಂದಿ ಉಳಿಯುತ್ತಿದ್ದರೆಂದು ಯೋಚಿಸಬೇಕು.

ನಕಲಿ ಸರಕನ್ನು ಮೂಲನಿವಾಸಿಗಳ ಕೆಲಸವೆಂದು ಮಾರುವುದಕ್ಕೆ ಕಠಿಣ ದಂಡ ವಿಧಿಸುವ ಫೆಡರಲ್ ಕಾನೂನು 1990ರಲ್ಲಿ ಬಂತು. ಕೆತ್ತಿದವರು ಯಾರೆಂಬುದಷ್ಟೇ ಅದಕ್ಕೆ ಮುಖ್ಯ. ಮುಖವಾಡ ಯಾರ ಮನೆಗಾದರೂ ನುಗ್ಗಿತ್ತೇ ಎಂದು ಅದು ಕೇಳುವುದಿಲ್ಲ.