ಸೈನ್ಸ್ ಪಾರ್ಕ್ ಉಳಿಯುವುದೂ ಕೆಡುವುದೂ ಲೀಸ್ ಪತ್ರದಲ್ಲಿ

ವಿಶ್ವವಿದ್ಯಾಲಯದ ಜಾಗದಲ್ಲಿ ಸೈನ್ಸ್ ಪಾರ್ಕ್ (ಸಂಶೋಧನೆ ನಡೆಸುವ ಕಂಪನಿಗಳಿಗೆ ಬಾಡಿಗೆಗೆ ಕೊಡುವ ತಾಣ) ಮಾಡೋಣ ಎಂದು ಸಿಂಡಿಕೇಟ್ ಸಭೆ ತೀರ್ಮಾನಿಸಿದ ಮರುವಾರವೇ ವಾಸ್ತುಶಿಲ್ಪಿಗಳಿಗೆ ಕರೆ ಹೋಗುತ್ತದೆ. ಗಾಜಿನ ಗೋಡೆ, ನಡುವೆ ಕೊಳ, ಸುತ್ತ ಮರಗಳಿರುವ ಚಿತ್ರ ತಯಾರಾಗುತ್ತದೆ, ಶಂಕುಸ್ಥಾಪನೆಗೆ ದಿನ ಗೊತ್ತಾಗುತ್ತದೆ. ಹತ್ತು ವರ್ಷ ಕಳೆದ ಮೇಲೆ ಆ ಜಾಗ ಸಂಶೋಧನೆಯ ತಾಣವಾಗಿ ಉಳಿದಿದೆಯೋ, ಮಾಮೂಲಿ ಬಾಡಿಗೆ ಕಚೇರಿಗಳ ಸಂಕೀರ್ಣವಾಗಿದೆಯೋ ಎಂಬುದನ್ನು ಮಾತ್ರ ಬೇರೆ ಎರಡು ಕಾಗದಗಳು ನಿರ್ಧರಿಸಿರುತ್ತವೆ: ಬಾಡಿಗೆದಾರರೊಂದಿಗಿನ ಲೀಸ್ ಕರಾರು, ಬ್ಯಾಂಕಿಗೆ ಕಟ್ಟಬೇಕಾದ ಕಂತಿನ ಪಟ್ಟಿ. ಇವೆರಡನ್ನೂ ಮೊದಲು ಬರೆದು ಆಮೇಲೆ ನಕ್ಷೆಗೆ ಕೈ ಹಾಕಬೇಕು.

ಈ ದಾರಿಯನ್ನು ಮೊದಲು ತುಳಿದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಅದರ ಬಳಿ ಎಂಟು ಸಾವಿರ ಎಕರೆಗೂ ಹೆಚ್ಚು ಭೂಮಿ ಇತ್ತು. ಆದರೆ 1885ರ ದಾನಪತ್ರದ ಪ್ರಕಾರ ಅದನ್ನು ಮಾರುವಂತಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಭೂಮಿ ಇದ್ದೂ ಕೈಯಲ್ಲಿ ಕಾಸಿಲ್ಲದ ಸ್ಥಿತಿ ಬಂತು. ಮಾರುವ ದಾರಿ ಮುಚ್ಚಿದ್ದರಿಂದ ಉಳಿದದ್ದು ಗುತ್ತಿಗೆ. 1951ರಲ್ಲಿ ಪಾರ್ಕ್ ಶುರುವಾಯಿತು. ಜಾಗವನ್ನು ಯಾರಿಗೆ ಬೇಕಾದರೂ ಕೊಡದೆ, ವಿಶ್ವವಿದ್ಯಾಲಯದ ಪ್ರಯೋಗಾಲಯಗಳಿಗೆ ನಂಟಿರುವ ಕಂಪನಿಗಳನ್ನೇ ಆರಿಸಬೇಕೆಂದು ಇಂಜಿನಿಯರಿಂಗ್ ಡೀನ್ ಆಗಿದ್ದ ಫ್ರೆಡರಿಕ್ ಟರ್ಮನ್ ಪಟ್ಟು ಹಿಡಿದರು. ಮೊದಲು ಬಂದದ್ದು ವೇರಿಯನ್ ಅಸೋಸಿಯೇಟ್ಸ್. ಹತ್ತು ಎಕರೆ, 99 ವರ್ಷ, ಎಕರೆಗೆ 4,000 ಡಾಲರ್, ಅದೂ ಇಡೀ ಅವಧಿಗೆ ಒಮ್ಮೆಲೇ ಮುಂಗಡ ಪಾವತಿ. ಬೆಲೆ ಏರಿಕೆಗೆ ತಕ್ಕಂತೆ ಬಾಡಿಗೆ ಹೆಚ್ಚಿಸುವ ಷರತ್ತು ಇರಲಿಲ್ಲ. ಲೆಕ್ಕ ಹಾಕಿದರೆ ಹತ್ತು ಎಕರೆಗೆ ವರ್ಷಕ್ಕೆ 404 ಡಾಲರ್ ಮಾತ್ರ! ಬಾಡಿಗೆದಾರರ ಆಯ್ಕೆಯಲ್ಲಿ ದೂರದೃಷ್ಟಿ ತೋರಿದ ವಿಶ್ವವಿದ್ಯಾಲಯ ಕರಾರಿನಲ್ಲಿ ಕೈ ಸುಟ್ಟುಕೊಂಡಿತು. ನಂತರದ ಕರಾರುಗಳಲ್ಲಿ ಅವಧಿಯನ್ನು 51 ವರ್ಷಕ್ಕೆ ಇಳಿಸಲಾಯಿತು.

ಇಂಗ್ಲೆಂಡಿನ ಕೇಂಬ್ರಿಜ್ ಸೈನ್ಸ್ ಪಾರ್ಕ್ ಇನ್ನೊಂದು ಪಾಠ. ಅದರ ಒಡೆತನ ವಿಶ್ವವಿದ್ಯಾಲಯದ ಟ್ರಿನಿಟಿ ಕಾಲೇಜಿನದು. ಭೌತವಿಜ್ಞಾನಿ ನೆವಿಲ್ ಮಾಟ್ ಅಧ್ಯಕ್ಷತೆಯ ಸಮಿತಿ ಕೇಂಬ್ರಿಜ್ ಬಳಿ ವಿಜ್ಞಾನ ಆಧಾರಿತ ಉದ್ಯಮ ಬೆಳೆಯಬೇಕೆಂದು 1969ರಲ್ಲಿ ವರದಿ ಕೊಟ್ಟಿತು. ಯುದ್ಧಕಾಲದಲ್ಲಿ ಟ್ಯಾಂಕುಗಳನ್ನು ಸಜ್ಜುಗೊಳಿಸಲು ಬಳಸಿ, ಆಮೇಲೆ ಪಾಳುಬಿದ್ದಿದ್ದ ಜಮೀನನ್ನು ಕಾಲೇಜು ಇದಕ್ಕೆ ತೆಗೆದಿಟ್ಟಿತು. ಮೊದಲ ಕಂಪನಿ ಲೇಸರ್-ಸ್ಕ್ಯಾನ್ ಬಂದದ್ದು 1973ರಲ್ಲಿ. ಆ ಮೇಲೂ ಪಾರ್ಕ್ ತುಂಬಿದ್ದು ನಿಧಾನವಾಗಿಯೇ. ಟ್ರಿನಿಟಿ ಕಾಯಬಲ್ಲ ಶ್ರೀಮಂತ ಕಾಲೇಜು, ತಿಂಗಳ ಕಂತಿನ ಭಯ ಅದಕ್ಕಿರಲಿಲ್ಲ. ನಮ್ಮ ವಿಶ್ವವಿದ್ಯಾಲಯಗಳು ಕೇಂಬ್ರಿಜ್‌ಗೆ ಹೋಗಿ ಫೋಟೊ ತೆಗೆದುಕೊಂಡು ಬರುವಾಗ ಈ ಒಂದು ಸಂಗತಿಯನ್ನು ಅಲ್ಲೇ ಬಿಟ್ಟು ಬರುತ್ತವೆ.

ಕಂತಿನ ಭಯ ಏನು ಮಾಡುತ್ತದೆ ಎಂಬುದನ್ನು ಅಂಕಿಗಳಲ್ಲೇ ನೋಡೋಣ. ಒಂದು ಲಕ್ಷ ಚದರ ಅಡಿಯ ಕಟ್ಟಡ ಎಂದಿಟ್ಟುಕೊಳ್ಳಿ. ಚದರ ಅಡಿಗೆ 4,500 ರೂಪಾಯಿಯಂತೆ 45 ಕೋಟಿ ವೆಚ್ಚ. 15 ಕೋಟಿ ಅನುದಾನ ಸಿಕ್ಕಿತು, 30 ಕೋಟಿ ಸಾಲ. ಶೇ 10ರ ಬಡ್ಡಿ, 12 ವರ್ಷದ ಅವಧಿಯಾದರೆ ತಿಂಗಳ ಕಂತು ಸುಮಾರು 35.85 ಲಕ್ಷ. ಮೆಟ್ಟಿಲು, ಲಿಫ್ಟ್, ಮೊಗಸಾಲೆ, ಗಾಳಿಯ ಶಾಫ್ಟ್‌ಗಳನ್ನು ಕಳೆದರೆ ಬಾಡಿಗೆಗೆ ಸಿಗುವುದು 70,000 ಚದರ ಅಡಿ. ಅಡಿಗೆ 60 ರೂಪಾಯಿ ಬಾಡಿಗೆಯಂತೆ ಪೂರ್ತಿ ತುಂಬಿದಾಗ ಬರುವುದು 42 ಲಕ್ಷ. ಶೇ 85ರಷ್ಟು ತುಂಬಿದರೆ 35.7 ಲಕ್ಷ. ಅಂದರೆ ಕಟ್ಟಡ ಬಹುಪಾಲು ತುಂಬಿದ ಮೇಲೂ ಕಂತಿಗೆ ಹದಿನೈದು ಸಾವಿರ ಕಡಿಮೆ ಬೀಳುತ್ತದೆ. ಲಿಫ್ಟ್ ದುರಸ್ತಿಗೆ, ಕಾವಲಿಗೆ, ಜನರೇಟರ್ ಡೀಸೆಲ್‌ಗೆ ಬಿಡಿಗಾಸೂ ಇಲ್ಲ. ಮೊದಲ ವರ್ಷ ಶೇ 40 ಮಾತ್ರ ತುಂಬಿದರೆ ತಿಂಗಳಿಗೆ 19 ಲಕ್ಷ, ವರ್ಷಕ್ಕೆ ಎರಡೂಕಾಲು ಕೋಟಿಗೂ ಹೆಚ್ಚು ಕೊರತೆ.

ಇದೇ ಹೊತ್ತಿಗೆ ಯಾವುದೋ ಕಾಲ್ ಸೆಂಟರ್ ಅಥವಾ ಕೋಚಿಂಗ್ ಸಂಸ್ಥೆ ಬಂದು ಮೂರು ಮಹಡಿ ಒಟ್ಟಿಗೆ ಕೇಳುತ್ತದೆ. ಹಣಕಾಸು ಅಧಿಕಾರಿಗೆ ಅದು ದೇವರೇ ಕಳಿಸಿದ ಬಾಡಿಗೆದಾರ. ಒಂಬತ್ತು ವರ್ಷಕ್ಕೆ ಸಹಿ ಬೀಳುತ್ತದೆ. ಮರುವರ್ಷ ಹೊಸ ಬಗೆಯ ವಸ್ತುಗಳನ್ನು ರೂಪಿಸುವ ಒಂದು ಒಳ್ಳೆಯ ಕಂಪನಿ ಬಂದಾಗ ಜಾಗವಿರುವುದಿಲ್ಲ. ಪಾರ್ಕುಗಳು ಕೆಡುವುದು ಹೀಗೆ. ದುರುದ್ದೇಶದಿಂದ ಕೆಟ್ಟದ್ದು ಕಡಿಮೆ, ತಿಂಗಳ ಐದನೇ ತಾರೀಖಿನ ಒತ್ತಡದಿಂದ ಕೆಟ್ಟದ್ದೇ ಹೆಚ್ಚು.

ಆದ್ದರಿಂದ ಒಂದು ಲಕ್ಷ ಅಡಿಯನ್ನು ಒಂದೇ ಬಾರಿಗೆ ಕಟ್ಟಬಾರದು. ಇರುವ ಯಾವುದಾದರೂ ಹಳೆಯ ಕಟ್ಟಡದಲ್ಲಿ ಎಂಟು ಹತ್ತು ಸಾವಿರ ಅಡಿಯ ಇನ್‌ಕ್ಯುಬೇಟರ್ (ಎಳೆಯ ಕಂಪನಿಗಳನ್ನು ಬೆಳೆಸುವ ತಾಣ) ತೆರೆದು, ಎರಡು ಮೂರು ವರ್ಷ ನಡೆಸಿ ನೋಡಬೇಕು. ಮೈಸೂರಿನ ಎಸ್‌ಜೆಸಿಇ, ಸುರತ್ಕಲ್‌ನ ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜುಗಳ ಆವರಣಗಳಲ್ಲಿ ‘ಸ್ಟೆಪ್’ ಹೆಸರಿನ ಇಂಥ ಕೇಂದ್ರಗಳಿವೆ. ಇನ್‌ಕ್ಯುಬೇಟರ್‌ನಲ್ಲಿ ಬೆಳೆದು ಜಾಗ ಸಾಲದಾದ ಕಂಪನಿಗಳೇ ಹೊಸ ಕಟ್ಟಡದ ಮೊದಲ ಬಾಡಿಗೆದಾರರು. ಕಟ್ಟಡವನ್ನು 35–40 ಸಾವಿರ ಅಡಿಯ ತುಂಡುಗಳಾಗಿ ಏರಿಸಿ, ಒಂದು ತುಂಡು ಶೇ 70 ತುಂಬಿದ ಮೇಲೆ ಮುಂದಿನದಕ್ಕೆ ಅಡಿಪಾಯ ಹಾಕಬೇಕು. ಸಾಲದ ಮಾತುಕತೆಯಲ್ಲಿ ಬಡ್ಡಿಯ ಕಾಲು ಪರ್ಸೆಂಟಿಗೆ ಜಗ್ಗಾಡುವುದಕ್ಕಿಂತ, ಕಟ್ಟಡ ಮುಗಿದ ನಂತರ 24 ತಿಂಗಳು ಅಸಲಿನ ಕಂತಿಲ್ಲದಂತೆ ಮಾಡಿಕೊಳ್ಳುವುದು ಎಷ್ಟೋ ಮೇಲು.

ಇನ್ನು ಬಾಗಿಲು ಕಾಯುವ ಕೆಲಸ. ‘ಸಂಶೋಧನೆಗೆ ಮಾತ್ರ’ ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಸಾಲದು, ಏಕೆಂದರೆ ಸಂಶೋಧನೆ ಎಂದು ಹೇಳಿಕೊಳ್ಳದ ಕಂಪನಿಯೇ ಇಲ್ಲ. ಈ ವಿಷಯದಲ್ಲಿ ನಮ್ಮ ದೇಶದಲ್ಲಿ ಅನುಕರಿಸಬೇಕಾದ ಕ್ರಮ ಚೆನ್ನೈನ ತರಮಣಿಯಲ್ಲಿದೆ. ಐಐಟಿ ಮದ್ರಾಸ್ ರಿಸರ್ಚ್ ಪಾರ್ಕ್‌ನ ಮೊದಲ ಹಂತ 2010ರಲ್ಲಿ ತೆರೆಯಿತು. ಪ್ರೊಫೆಸರ್ ಅಶೋಕ್ ಝುಂಝುನ್‌ವಾಲಾ ಅದರ ಹಿಂದಿನ ಮುಖ್ಯ ಶಕ್ತಿ. ಈಗ ಸುಮಾರು 12 ಲಕ್ಷ ಚದರ ಅಡಿಯ ಕಟ್ಟಡಗಳಿವೆ. ಅಲ್ಲಿ ಜಾಗ ಪಡೆದ ಕಂಪನಿ ಬಾಡಿಗೆಯ ಜೊತೆಗೆ ‘ಕ್ರೆಡಿಟ್’ಗಳನ್ನೂ ಗಳಿಸಬೇಕು. ಪಡೆದ ಜಾಗ ಹೆಚ್ಚಿದಂತೆ ಗಳಿಸಬೇಕಾದ ಕ್ರೆಡಿಟ್ ಹೆಚ್ಚು. ಅಧ್ಯಾಪಕರೊಂದಿಗೆ ಜಂಟಿ ಯೋಜನೆ, ವಿದ್ಯಾರ್ಥಿಗಳಿಗೆ ಕೆಲಸ, ಕಂಪನಿಯ ಉದ್ಯೋಗಿ ಸಂಸ್ಥೆಯಲ್ಲಿ ಪಿಎಚ್.ಡಿ.ಗೆ ಸೇರುವುದು, ಜಂಟಿ ಪೇಟೆಂಟ್ — ಇವೆಲ್ಲ ಎಣಿಕೆಗೆ ಬರುತ್ತವೆ. ಎಣಿಸಲು ಆಗುವುದರಿಂದಲೇ ಇದಕ್ಕೆ ಬಲ. ಕಂಪನಿ ಎಂಥದ್ದು ಎಂದು ಪ್ರವೇಶದ ದಿನ ಒಮ್ಮೆ ಕೇಳಿ ಸುಮ್ಮನಾಗದೆ, ಪ್ರತಿ ವರ್ಷ ಕೇಳಿದಂತಾಗುತ್ತದೆ.

ಈ ಕ್ರಮ ತರುವ ವಿಶ್ವವಿದ್ಯಾಲಯ ಎರಡು ಕೆಲಸ ಮಾಡಲೇಬೇಕು. ಕ್ರೆಡಿಟ್ ಕೊರತೆಯಾದರೆ ಏನು ಎಂಬುದು ಲೀಸ್ ಪತ್ರದಲ್ಲೇ ಇರಬೇಕು: ಮೊದಲ ವರ್ಷ ಎಚ್ಚರಿಕೆ, ಎರಡನೇ ವರ್ಷ ಬಾಡಿಗೆಯ ಮೇಲೆ ಶೇ 20ರಷ್ಟು ಹೆಚ್ಚುವರಿ, ಮೂರನೇ ವರ್ಷವೂ ಹಾಗೆಯೇ ಆದರೆ ನವೀಕರಣವಿಲ್ಲ. ಬೇರೆ ಸುತ್ತೋಲೆಯಲ್ಲಿ ಬರೆದಿಟ್ಟರೆ ನ್ಯಾಯಾಲಯದಲ್ಲಿ ನಿಲ್ಲಿಸುವುದು ಕಷ್ಟ. ಎರಡನೆಯದು ವಿಶ್ವವಿದ್ಯಾಲಯವೇ ಹೊರಬೇಕಾದ ಹೊಣೆ. ಕನ್ಸಲ್ಟೆನ್ಸಿ ಕಡತಕ್ಕೆ ಸಹಿ ಬೀಳಲು ಆರು ತಿಂಗಳು ಹಿಡಿಯುವ ಕಡೆ ಕಂಪನಿಗೆ ಕ್ರೆಡಿಟ್ ಗಳಿಸು ಎಂದು ಹೇಳುವುದು ಅನ್ಯಾಯ. ಕರಾರಿನ ಸಿದ್ಧ ನಮೂನೆ, ಹಣ ಹಂಚಿಕೆಯ ನಿಗದಿತ ಪ್ರಮಾಣ, ಹದಿನೈದು ದಿನದೊಳಗೆ ಉತ್ತರ ಕೊಡುವ ಕಚೇರಿ ಮೊದಲೇ ಸಿದ್ಧವಿರಬೇಕು.

ಲೀಸ್ ಪತ್ರದ ಉಳಿದ ಷರತ್ತುಗಳಲ್ಲಿ ಕೆಲವು ಹೆಚ್ಚು ಗಮನ ಬೇಡುತ್ತವೆ. ನಮ್ಮಲ್ಲಿ ಎಲ್ಲಕ್ಕೂ 11 ತಿಂಗಳ ಕರಾರು ಮಾಡುವ ಅಭ್ಯಾಸವಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕು, ಆ ಖರ್ಚು ಉಳಿಸುವುದಕ್ಕಾಗಿ ಈ ದಾರಿ. ಇನ್‌ಕ್ಯುಬೇಟರ್‌ನಲ್ಲಿ ಮೇಜು ಕುರ್ಚಿ ಪಡೆಯುವವರಿಗೆ ಅದು ಸರಿ. ಎರಡು ಕೋಟಿಯ ಉಪಕರಣ ನೆಲಕ್ಕೆ ಬಿಗಿಯುವ ಕಂಪನಿ 11 ತಿಂಗಳ ಕಾಗದ ನಂಬಿ ಬರುವುದಿಲ್ಲ. ಅಂಥವರಿಗೆ ಐದರಿಂದ ಒಂಬತ್ತು ವರ್ಷ, ತಾವೇ ಕಟ್ಟಡ ಕಟ್ಟುವವರಿಗೆ ಭೂಮಿಯ ಗುತ್ತಿಗೆ 30ರಿಂದ 50 ವರ್ಷ ಎಂದು ಮೂರು ದರ್ಜೆ ಇಟ್ಟುಕೊಳ್ಳಬೇಕು. ಮೂರು ವರ್ಷಕ್ಕೊಮ್ಮೆ ಶೇ 15ರ ಹೆಚ್ಚಳ ಕಟ್ಟಡದ ಬಾಡಿಗೆಗೆ ಸಾಕು. ಭೂಮಿಯ ಗುತ್ತಿಗೆಗೆ ಸಾಲದು, ಏಕೆಂದರೆ ಅದು ವರ್ಷಕ್ಕೆ ಶೇ 5ಕ್ಕೂ ಕಡಿಮೆ. ಹತ್ತು ವರ್ಷಕ್ಕೊಮ್ಮೆ ಮಾರುಕಟ್ಟೆ ದರದ ಮರುಮೌಲ್ಯಮಾಪನವನ್ನೂ ಸೇರಿಸಬೇಕು.

ಸಬ್‌ಲೀಸ್ ನಿಷೇಧವನ್ನು, ಅಂದರೆ ಪಡೆದ ಜಾಗವನ್ನು ಬೇರೆಯವರಿಗೆ ಬಾಡಿಗೆಗೆ ಕೊಡಬಾರದೆಂಬುದನ್ನು, ಎಲ್ಲರೂ ಬರೆಯುತ್ತಾರೆ. ಕಂಪನಿಯ ಒಡೆತನ ಬದಲಾದಾಗ ಏನು ಎಂಬುದನ್ನು ಬರೆಯುವವರು ಕಡಿಮೆ. ಸಂಶೋಧನಾ ಕಂಪನಿಯನ್ನು ದೊಡ್ಡ ಸಂಸ್ಥೆಯೊಂದು ಕೊಂಡು, ಪ್ರಯೋಗಾಲಯ ಮುಚ್ಚಿ, ಅದೇ ಜಾಗದಲ್ಲಿ ಮಾರಾಟ ವಿಭಾಗವನ್ನು ಕೂರಿಸಿದರೆ ಸಬ್‌ಲೀಸ್ ಆಗಿರುವುದಿಲ್ಲ, ಷರತ್ತು ಮುರಿದಿರುವುದಿಲ್ಲ, ಪಾರ್ಕ್ ಮಾತ್ರ ಒಂದು ಮಹಡಿ ಕಳೆದುಕೊಂಡಿರುತ್ತದೆ. ಅರ್ಧಕ್ಕಿಂತ ಹೆಚ್ಚು ಷೇರು ಕೈ ಬದಲಾದರೆ ಬಳಕೆಯ ಅನುಮತಿ ಹೊಸದಾಗಿ ಪಡೆಯಬೇಕು ಎಂದು ಬರೆಯಿರಿ. ಸಾಲದ ಪತ್ರದಲ್ಲೂ ಇಂಥದ್ದೇ ಒಂದು ಬಿರುಕಿದೆ. ಸಾಮಾನ್ಯವಾಗಿ ವಿಶ್ವವಿದ್ಯಾಲಯ ಭೂಮಿಯನ್ನು ತನ್ನದೇ ಸೆಕ್ಷನ್ 8 (ಲಾಭದ ಉದ್ದೇಶವಿಲ್ಲದ) ಕಂಪನಿಗೆ ಗುತ್ತಿಗೆಗೆ ಕೊಡುತ್ತದೆ, ಆ ಕಂಪನಿ ಗುತ್ತಿಗೆ ಹಕ್ಕನ್ನು ಅಡವಿಟ್ಟು ಸಾಲ ತರುತ್ತದೆ. ಸಾಲ ತೀರದೆ ಬ್ಯಾಂಕು ಹಕ್ಕು ಚಲಾಯಿಸಿ ಬೇರೆಯವರಿಗೆ ಕೊಟ್ಟರೂ ಸಂಶೋಧನಾ ಬಳಕೆಯ ಷರತ್ತು ಅವರಿಗೂ ಅಂಟಿಕೊಂಡೇ ಇರಬೇಕು. ಬ್ಯಾಂಕಿನವರು ಇದಕ್ಕೆ ಒಪ್ಪಲು ತಕರಾರು ಮಾಡುತ್ತಾರೆ. ಇಲ್ಲಿ ಮಣಿಯಬಾರದು.

ಭೂಮಿಯ ವಿಷಯ ಚಿಕ್ಕದಾಗಿ. ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಮಂಜೂರಾತಿ ಆದೇಶದಲ್ಲಿ ‘ಶೈಕ್ಷಣಿಕ ಉದ್ದೇಶಕ್ಕೆ’ ಎಂದಿದೆಯೇ ನೋಡಿ. ಇದ್ದರೆ ಖಾಸಗಿ ಕಂಪನಿಗೆ ಗುತ್ತಿಗೆ ಕೊಡುವ ಮುನ್ನ ಆ ಷರತ್ತನ್ನು ಲಿಖಿತವಾಗಿ ಸಡಿಲಿಸಿಕೊಳ್ಳಬೇಕು. ಪಹಣಿ, ಸರ್ವೆ ನಕ್ಷೆ, ಸ್ಥಳದ ಬೇಲಿ ಮೂರೂ ಒಂದೇ ಗಡಿ ಹೇಳುತ್ತವೆಯೇ ಎಂದು ಪರೀಕ್ಷಿಸದೆ ಟೆಂಡರ್ ಕರೆಯಬೇಡಿ.

ಕಟ್ಟಡದ ಮಾತಿಗೆ ಬಂದರೆ, ಕಚೇರಿಯ ನಕ್ಷೆಯಲ್ಲಿ ಪ್ರಯೋಗಾಲಯ ಕೂರುವುದಿಲ್ಲ. ನೆಲದಿಂದ ನೆಲಕ್ಕೆ 3.6 ಮೀಟರ್ ಕಚೇರಿಗೆ ಸಾಕು. ಗಾಳಿಯ ಕೊಳವೆ ಓಡಬೇಕಾದ ಲ್ಯಾಬಿಗೆ 4.2ರಿಂದ 4.5 ಬೇಕು. ನೆಲ ಚದರ ಮೀಟರಿಗೆ 500 ಕೆ.ಜಿ. ಹೊರುವಂತಿರಲಿ. ಲ್ಯಾಬಿನ ವಿಷಗಾಳಿಯನ್ನು ಹೊರಗೆಳೆಯುವ ಒಂದು ಫ್ಯೂಮ್ ಹುಡ್ ತೆಗೆದುಕೊಳ್ಳಿ: ಒಂದೂವರೆ ಮೀಟರ್ ಅಗಲ, ಅರ್ಧ ಮೀಟರ್ ತೆರೆದ ಬಾಯಿ, ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಗಾಳಿ ಒಳಗೆಳೆಯುತ್ತದೆ. ಗಂಟೆಗೆ 1,350 ಘನ ಮೀಟರ್ ತಂಪುಮಾಡಿದ ಗಾಳಿ ಹೊರಗೆ ಹೋಯಿತು. ಹತ್ತು ಹುಡ್ ಇದ್ದರೆ ಎ.ಸಿ. ಯಂತ್ರದ ಲೆಕ್ಕವೇ ಬೇರೆ, ಕರೆಂಟ್ ಬಿಲ್ಲೂ ಬೇರೆ. ಹೊಗೆಯ ಶಾಫ್ಟ್‌ಗಳನ್ನು ತಾರಸಿಯವರೆಗೆ ಮೊದಲೇ ಬಿಟ್ಟಿರಬೇಕು. ಆಮೇಲೆ ಸ್ಲ್ಯಾಬ್ ಕೊರೆದರೆ ಕೆಳಗಿನ ಮಹಡಿಯವರು ತಿಂಗಳುಗಟ್ಟಲೆ ಧೂಳು ಕುಡಿಯಬೇಕಾಗುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನೆಲಮಹಡಿಯಲ್ಲಿ, ಲಿಫ್ಟ್ ಮತ್ತು ಜನರೇಟರ್‌ನಿಂದ ದೂರ. ಲ್ಯಾಬಿನ ಸಿಂಕ್ ನೀರನ್ನು ಶೌಚಾಲಯದ ನೀರಿನೊಂದಿಗೆ ಒಂದೇ ಶುದ್ಧೀಕರಣ ಘಟಕಕ್ಕೆ ಬಿಡಬಾರದು. ದ್ರಾವಕ, ಆಮ್ಲ ಸೇರಿದರೆ ಘಟಕದ ಬ್ಯಾಕ್ಟೀರಿಯಾ ಸಾಯುತ್ತವೆ, ಮೂರನೇ ದಿನ ಇಡೀ ಆವರಣ ನಾರುತ್ತದೆ. ಹೀಗೆ ಕಟ್ಟಿದರೆ ವೆಚ್ಚ ಏರುತ್ತದೆ ನಿಜ, ಆದ್ದರಿಂದ ಎಲ್ಲ ಮಹಡಿಯನ್ನೂ ಲ್ಯಾಬ್ ಮಾಡದೆ ಕೆಳಗಿನ ಎರಡನ್ನು ಮಾತ್ರ ಹಾಗೆ ಕಟ್ಟುವುದು ಒಳ್ಳೆಯದು.

ಬಾಡಿಗೆದಾರ ಹೊರಡುವ ದಿನವೂ ಬರುತ್ತದೆ. ಐಐಟಿ ಮದ್ರಾಸ್‌ನಲ್ಲಿ ಮೊಳೆತ ವಿದ್ಯುತ್ ಸ್ಕೂಟರ್ ಕಂಪನಿ ಏಥರ್ ಎನರ್ಜಿ ದೊಡ್ಡದಾಗುತ್ತ ಬೆಂಗಳೂರಿಗೆ ಬಂತು. ಇಂಥ ನಿರ್ಗಮನಕ್ಕೆ ದಂಡ ಹಾಕುವ ಷರತ್ತು ಬರೆಯಬೇಡಿ, ಮೂರು ತಿಂಗಳ ನೋಟಿಸ್ ಸಾಕು. ಕೇಳಬೇಕಾದ್ದು ಬೇರೆಯೇ ಇದೆ. ಸ್ಟ್ಯಾನ್‌ಫರ್ಡ್ ಪಾರ್ಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಕೆಗೆ ಬಳಸಿದ ದ್ರಾವಕಗಳು ನೆಲದಡಿಯ ತೊಟ್ಟಿಯಿಂದ ಸೋರಿ ಅಂತರ್ಜಲ ಸೇರಿದವು, ಅದನ್ನು ಶುದ್ಧಮಾಡುವ ಕೆಲಸ ದಶಕಗಟ್ಟಲೆ ಹಿಡಿಯಿತು. ಭೂಮಿ ವಿಶ್ವವಿದ್ಯಾಲಯದ್ದಾಗಿರುವುದರಿಂದ ಕೊನೆಗೆ ಉಳಿಯುವ ಮಣ್ಣೂ ಅದರದ್ದೇ. ಮೊದಲ ಬಾಡಿಗೆದಾರ ಕಾಲಿಡುವ ಮುನ್ನ ನಿವೇಶನದ ನಾಲ್ಕು ಮೂಲೆ ಮತ್ತು ನಡುವೆ ಐದು ವೀಕ್ಷಣಾ ಬೋರ್‌ವೆಲ್ ಕೊರೆಸಿ, ಮಣ್ಣು ಮತ್ತು ನೀರಿನ ಮಾದರಿಯನ್ನು ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪರೀಕ್ಷಿಸಿ, ವರದಿಯನ್ನು ಪ್ರತಿ ಲೀಸ್ ಪತ್ರಕ್ಕೂ ಅನುಬಂಧವಾಗಿ ಲಗತ್ತಿಸಿ. ದ್ರಾವಕದ ತೊಟ್ಟಿ ನೆಲದ ಮೇಲೆಯೇ ಇರಬೇಕು, ಅದರ ಸುತ್ತ ಪೂರ್ತಿ ದ್ರಾವಕವನ್ನು ಹಿಡಿದಿಡುವಷ್ಟು ಎತ್ತರದ ಕಟ್ಟೆ ಇರಬೇಕು. ಕಂಪನಿ ಖಾಲಿ ಮಾಡುವಾಗ ಅದೇ ಐದು ಬೋರ್‌ವೆಲ್‌ಗಳ ನೀರನ್ನು ಮತ್ತೆ ಪರೀಕ್ಷಿಸಿ, ವರದಿ ಕೈಸೇರಿದ ಮೇಲೆ ಠೇವಣಿ ಹಿಂದಿರುಗಿಸಿ.