ಸೋತ ಅಧ್ಯಕ್ಷರು, ಮುಗಿಯದ ಚುನಾವಣೆ: ಚೇಂಜ್ ರಿಪೋರ್ಟಿನ ಹಿನ್ನೆಲೆ

ಮುಂಬಯಿ, ಪುಣೆಯ ಸಂಘಸಂಸ್ಥೆಗಳಲ್ಲಿ ಮತ ಎಣಿಕೆ ಮುಗಿದ ಮೇಲೂ ಕೆಲವೊಮ್ಮೆ ಚುನಾವಣೆ ಮುಗಿಯುವುದಿಲ್ಲ. ಸೋತ ಅಧ್ಯಕ್ಷರು ‘ಸಭೆಯೇ ಊರ್ಜಿತವಲ್ಲ’ ಎನ್ನುತ್ತಾರೆ, ಗೆದ್ದವರು ಕಚೇರಿಯ ಬೀಗದ ಕೈ ಕೇಳುತ್ತಾರೆ. ತಕರಾರು ಇತ್ಯರ್ಥವಾಗುವ ಮೊದಲೇ ಮುಂದಿನ ಚುನಾವಣೆ ಬರುತ್ತದೆ, ಮಾಜಿಗಳು ಮತ್ತೆ ಕಣದಲ್ಲಿರುತ್ತಾರೆ. ಅವರು ಬೇಡ ಎನ್ನುವ ಸದಸ್ಯರು ಯಾವ ಕಾಗದ ಹಿಡಿದು ಎಲ್ಲಿಗೆ ಹೋಗಬೇಕು?

ಈ ಗೋಜಲಿಗೆ ಮೂಲ ಎರಡು ಕಾಯಿದೆಗಳು. ಸಂಘಗಳು ನೋಂದಣಿಯಾಗುವುದು 1860ರ ಸೊಸೈಟಿ ನೋಂದಣಿ ಕಾಯಿದೆಯಡಿ. 1950ರಲ್ಲಿ ಸಾರ್ವಜನಿಕ ಟ್ರಸ್ಟ್‌ಗಳ ಕಾಯಿದೆ ಬಂದು, ಧರ್ಮಾರ್ಥ ಉದ್ದೇಶದ ಸಂಘಗಳೂ ಚಾರಿಟಿ ಕಮಿಷನರರ (ಧರ್ಮಾದಾಯ ಆಯುಕ್ತರ) ವ್ಯಾಪ್ತಿಗೆ ಸೇರಿದವು. ಮಾಟುಂಗಾದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಇಂಥ ನಮ್ಮ ಹಳೆಯ ಕನ್ನಡ ಸಂಸ್ಥೆಗಳು 1950ರ ಕಾಯಿದೆಗಿಂತ ಹಿರಿಯವು. ಸ್ಥಾಪಕರ ಕಾಲದಲ್ಲಿ ಅವಿರೋಧ ಆಯ್ಕೆ ಸಾಮಾನ್ಯವಾಗಿತ್ತು. ಜಾಗಕ್ಕೆ ಬೆಲೆ ಬಂತು, ಸಭಾಗೃಹಕ್ಕೆ ಬಾಡಿಗೆ ಬಂತು, ಕುರ್ಚಿಗೂ ತೂಕ ಬಂತು.

ಜಗಳದ ಕೇಂದ್ರ 1950ರ ಕಾಯಿದೆಯ 22ನೇ ಕಲಮು. ಪದಾಧಿಕಾರಿಗಳು ಬದಲಾದರೆ 90 ದಿನಗಳೊಳಗೆ ಚೇಂಜ್ ರಿಪೋರ್ಟ್, ಅಂದರೆ ಬದಲಾವಣೆಯ ವರದಿ, ಸಲ್ಲಿಸಬೇಕು. ಮುಂಬಯಿಯವರಿಗೆ ಅದಕ್ಕೆ ವರ್ಳಿಯ ಧರ್ಮಾದಾಯ ಆಯುಕ್ತರ ಕಚೇರಿ. ಮಹಾಸಭೆಯ ನೋಟಿಸು, ಅದು ತಲುಪಿದ್ದಕ್ಕೆ ಪುರಾವೆ, ಹಾಜರಿ ಪುಸ್ತಕ, ಠರಾವು, ಆಯ್ಕೆಯಾದವರ ಒಪ್ಪಿಗೆ ಪತ್ರ, ಪ್ರಮಾಣಪತ್ರ ಇವನ್ನು ಲಗತ್ತಿಸುತ್ತಾರೆ. ನಿರ್ಗಮಿಸುವವರು ‘ಆಕ್ಷೇಪವಿಲ್ಲ’ ಎಂದು ಬರೆದುಕೊಟ್ಟರೆ ದಾರಿ ಸಲೀಸು. ಕೊಡದಿದ್ದರೆ ಅವರಿಗೆ ನೋಟಿಸು, ಹೇಳಿಕೆ, ಪಾಟೀಸವಾಲು, ತಾರೀಖಿನ ಮೇಲೆ ತಾರೀಖು. ಕೆಲವೊಮ್ಮೆ ಎರಡು ಬಣಗಳೂ ಬೇರೆಬೇರೆ ಸಭೆ ನಡೆಸಿ, ಒಂದೇ ಸಂಘಕ್ಕೆ ಎರಡು ರಿಪೋರ್ಟ್ ಹಾಕುವುದುಂಟು.

ಆಯ್ಕೆಯಾದವರು ರಿಪೋರ್ಟ್ ಮಂಜೂರಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ ಎಂದು ಬಾಂಬೆ ಹೈಕೋರ್ಟು ಹೇಳಿದೆ. ಆದರೆ ಬ್ಯಾಂಕಿನ ಕಿಟಕಿಯಲ್ಲಿ ಆ ತೀರ್ಪು ನಡೆಯುವುದಿಲ್ಲ, ಅಲ್ಲಿ ಕೇಳುವುದು ಶೆಡ್ಯೂಲ್ ಒಂದರ, ಅಂದರೆ ಪದಾಧಿಕಾರಿಗಳ ಹೆಸರಿರುವ ಸರಕಾರಿ ದಾಖಲೆಯ, ಪ್ರತಿ. ಅದರಲ್ಲಿ ಇನ್ನೂ ಹಳಬರ ಹೆಸರು. ವಿಳಂಬದಿಂದ ಯಾರಿಗೆ ಲಾಭವೆಂದು ಬಿಡಿಸಿ ಹೇಳಬೇಕಿಲ್ಲ.

ತಕರಾರು ನಿಲ್ಲುವುದೋ ಬೀಳುವುದೋ ಸದಸ್ಯರ ಪಟ್ಟಿಯ ಮೇಲೆ. 1860ರ ಕಾಯಿದೆಯ 15ನೇ ಕಲಮಿನ ಪ್ರಕಾರ ವಂತಿಗೆ ಮೂರು ತಿಂಗಳಿಗಿಂತ ಹೆಚ್ಚು ಬಾಕಿಯಿದ್ದವರಿಗೆ ಮತವಿಲ್ಲ, ಅವರನ್ನು ಸದಸ್ಯರೆಂದು ಎಣಿಸುವುದೂ ಇಲ್ಲ. ಹಾಗಾಗಿ ಚುನಾವಣೆ ಹತ್ತಿರ ಬಂದಂತೆ ರಸೀದಿ ಪುಸ್ತಕಗಳು ಚುರುಕಾಗುತ್ತವೆ. ರಸೀದಿ 398ಕ್ಕೆ ಜೂನ್ ತಾರೀಖಿದ್ದು, 412ಕ್ಕೆ ಮಾರ್ಚ್ ತಾರೀಖಿದ್ದರೆ, ಹಿಂದಿನ ದಿನಾಂಕ ಹಾಕಿ ಹರಿದದ್ದೆಂಬ ಅನುಮಾನ ಸಹಜ. ಆ ಹಣ ಬ್ಯಾಂಕಿಗೆ ಯಾವಾಗ ಕಟ್ಟಿದ್ದೆಂದು ಪಾಸ್‌ಬುಕ್ಕಿನ ಜೊತೆ ತಾಳೆ ನೋಡಬೇಕು. ‘ನಮ್ಮವರೇ ಹೆಚ್ಚಿದ್ದರು’ ಎಂಬ ಬಾಯಿಮಾತಿಗಿಂತ ಈ ಎರಡು ಪುಸ್ತಕಗಳಿಗೆ ತೂಕ ಹೆಚ್ಚು.

ನೋಟಿಸಿನದೂ ಇದೇ ಕತೆ. ಮೊದಲು ಅಂಚೆ ಕಚೇರಿಯ ಠಸ್ಸೆ ಹೊಡೆದ ಯುಪಿಸಿ ಚೀಟಿ (ಪತ್ರ ಅಂಚೆಗೆ ಹಾಕಿದ್ದಕ್ಕೆ ಪುರಾವೆ) ಸಾಕಾಗುತ್ತಿತ್ತು. ಅಂಚೆ ಇಲಾಖೆ 2011ರಲ್ಲಿ ಅದನ್ನೇ ನಿಲ್ಲಿಸಿತು. ಈಗ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದನ್ನೇ ನೋಟಿಸು ಎನ್ನುವವರಿದ್ದಾರೆ. ಸಂಘದ ಬೈಲಾ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ನೋಡಬೇಕು. ಎಷ್ಟು ದಿನ ಮುಂಚೆ, ಯಾವ ರೀತಿ, ಕೋರಂ ಎಷ್ಟು ಎಂಬುದೆಲ್ಲ ಅಲ್ಲೇ ಇರುತ್ತದೆ. ಹಳೆಯ ಬೈಲಾದ ನೋಂದಾಯಿತ ಪ್ರತಿ ಕಪಾಟಿನಲ್ಲಿ ಸಿಗುವುದೇ ಅಪರೂಪ.

ಚೇಂಜ್ ರಿಪೋರ್ಟನ್ನು ವಿರೋಧಿಸಲು ಪದಾಧಿಕಾರಿಯೇ ಆಗಿರಬೇಕಿಲ್ಲ. 1950ರ ಕಾಯಿದೆಯ ‘ಹಿತಾಸಕ್ತ ವ್ಯಕ್ತಿ’ ಎಂಬ ಮಾತಿನಲ್ಲಿ ಸಾಮಾನ್ಯ ಸದಸ್ಯನೂ ಬರುತ್ತಾನೆ. ಶೆಡ್ಯೂಲ್, ಬೈಲಾ ಎರಡರ ದೃಢೀಕೃತ ಪ್ರತಿ ಮೊದಲು ಕೈಗೆ ಬರಬೇಕು. ಆಮೇಲೆ ಲಿಖಿತ ತಕರಾರು. ಅದರಲ್ಲಿ ಮಾಜಿ ಅಧ್ಯಕ್ಷರ ಸ್ವಭಾವದ ವರ್ಣನೆಗೆ ಪುಟ ವ್ಯಯಿಸುವವರೇ ಹೆಚ್ಚು. ವಿಚಾರಣೆಯಲ್ಲಿ ಕೇಳುವುದು ನೋಟಿಸು, ಕೋರಂ, ಮತದ ಹಕ್ಕು ಇಷ್ಟನ್ನೇ. ಕೆಳಗಿನ ಅಧಿಕಾರಿಯ ಆದೇಶ ಪ್ರತಿಕೂಲವಾದರೆ ಅದೇ ಕಾಯಿದೆಯ 70ನೇ ಕಲಮಿನಡಿ ಚಾರಿಟಿ ಕಮಿಷನರರಿಗೆ ಮೇಲ್ಮನವಿ ಹೋಗಲು 60 ದಿನ. ದೃಢೀಕೃತ ಪ್ರತಿಗೆ ಆದೇಶದ ದಿನವೇ ಅರ್ಜಿ ಹಾಕುವುದು ಕ್ಷೇಮ.

ಇಷ್ಟರಲ್ಲಿ ಮುಂದಿನ ಮಹಾಸಭೆಯ ಹೊತ್ತಾಗಿರುತ್ತದೆ. ನೋಟಿಸಿಗೆ ಕಾರ್ಯದರ್ಶಿಯ ಸಹಿ ಬೇಕು. ಶೆಡ್ಯೂಲಿನಲ್ಲಿರುವುದು ಮಾಜಿ ಅಧ್ಯಕ್ಷರ ಕಾಲದ ಕಾರ್ಯದರ್ಶಿಯ ಹೆಸರು.